ಹೊರದೇಶದ ಮೆಣಸು ಬೇಡ ಅಂದರೆ ಮುಗೀತಲ್ವಾ?

ಸಕಲೇಶಪುರದ ತೋಟದವ:
ಕಾಫಿ ಮಧ್ಯೆ ಸಿಲ್ವರ್ ಮರಕ್ಕೆ ಹಬ್ಬಿಸಿದ ಕಾಳುಮೆಣಸೇ ನಮಗೆ ಕಷ್ಟಕಾಲದ ದುಡ್ಡು. ಮೊನ್ನೆ ನಾಲ್ಕು ಚೀಲ ಮಾರಲು ಹೋದೆ. ವ್ಯಾಪಾರಿ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡಿ, "ಮಾಲು ಚೆನ್ನಾಗಿದೆ, ಆದ್ರೆ ಶ್ರೀಲಂಕಾದ್ದು ಇಳಿದಿದೆ, ರೇಟಿಲ್ಲ" ಎಂದರು. ಸರ್ಕಾರ ಆಮದನ್ನೇ ನಿಲ್ಲಿಸಬಾರದಾ?

ಹಳೇ ಬಂದರು:
ಈಗ ಅಷ್ಟು ಸುಲಭ ಇಲ್ಲ ಸಾರ್. ನಾನು ಬಂದರಿನಲ್ಲಿ ಕ್ಲಿಯರಿಂಗ್ ಕೆಲಸ ಮಾಡಿ ರಿಟೈರ್ ಆದವನು. ಮೊದಲು ನಾವು ಹಾಗೇ ಮಾಡುತ್ತಿದ್ದೆವು. ಡಾಲರ್ ಕೊರತೆ ಇದೆ ಅಂತ ಎಷ್ಟೋ ಸಾಮಾನನ್ನು ಲೈಸೆನ್ಸ್ ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಗ್ಯಾಟ್ ಅಂತ ದೇಶ ದೇಶಗಳ ನಡುವಿನ ವ್ಯಾಪಾರ, ಸುಂಕದ ಒಪ್ಪಂದ ಇದೆ, ಅದರಲ್ಲಿ ಇದಕ್ಕೆ ಅವಕಾಶ ಇತ್ತು. 1947ರಲ್ಲಿ ಜಿನೀವಾದಲ್ಲಿ ಅದಕ್ಕೆ ಸಹಿ ಹಾಕಿದ 23 ದೇಶಗಳಲ್ಲಿ ನಾವೂ ಒಬ್ಬರು. 1997ರಲ್ಲಿ ಅಮೆರಿಕ, ಆ ಒಪ್ಪಂದವನ್ನು ನೋಡಿಕೊಳ್ಳುವ ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯೂಟಿಒ) ದೂರು ಕೊಟ್ಟಿತು: ಇಂಡಿಯಾದ ಹತ್ತಿರ ಈಗ ಡಾಲರ್ ಇದೆ, ಇನ್ನೇನು ನೆಪ ಅಂತ. 1999ರಲ್ಲಿ ಸೋತೆವು. 2001ರ ಏಪ್ರಿಲ್ 1ಕ್ಕೆ ಕೊನೆಯ 715 ಸಾಮಾನುಗಳ ತಡೆಯೂ ಹೋಯಿತು. ಕೈಯಲ್ಲಿ ಉಳಿದದ್ದು ಸುಂಕ.

ಸಕಲೇಶಪುರದ ತೋಟದವ:
ಮೆಣಸಿಗೆ ಶೇ 70 ಸುಂಕ ಅಂತಾರಲ್ಲ?

ಕೊಡಗಿನ ಬಳ್ಳಿ:
ಅದು ಒಪ್ಪಂದ ಇಲ್ಲದ ದೇಶಗಳಿಗೆ. ಎಲ್ಲ ಸದಸ್ಯ ದೇಶಕ್ಕೂ ಒಂದೇ ಸುಂಕ ಅನ್ನೋದು ಗ್ಯಾಟ್‌ನ ಮೊದಲ ನಿಯಮ. ಆದರೆ ಎರಡು ದೇಶ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ರಿಯಾಯಿತಿ ಕೊಡಬಹುದು. ಶ್ರೀಲಂಕಾ ಜೊತೆ 1998ರಲ್ಲಿ ಆಗಿದ್ದು ಅದೇ. ವರ್ಷಕ್ಕೆ 2,500 ಟನ್ ಮೆಣಸು ಸುಂಕವೇ ಇಲ್ಲದೆ ಬರುತ್ತದೆ. ಬೆಳೆಗಾರರು ಗಲಾಟೆ ಮಾಡಿದ ಮೇಲೆ 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟರು, ಅಂದರೆ ಅದಕ್ಕಿಂತ ಕಡಿಮೆ ಬೆಲೆಯ ಮಾಲು ತರುವಂತಿಲ್ಲ. ಬಿಲ್ಲಿನಲ್ಲಿ ಬೆಲೆ ಏರಿಸಿ ತೋರಿಸಿದರೆ ಯಾರು ಹಿಡಿಯಬೇಕು, ಹೇಳಿ!

ಹಳೇ ಬಂದರು:
ಬೆಲೆ ಬಿಡಿ, ಊರೇ ಸುಳ್ಳು. ರಿಯಾಯಿತಿ ಬೇಕಾದರೆ ಮೆಣಸು ಶ್ರೀಲಂಕಾದಲ್ಲೇ ಬೆಳೆದದ್ದು ಅಂತ ಸರ್ಟಿಫಿಕೇಟ್ ಬೇಕು. ಒಮ್ಮೆ ಒಂದು ಲಾಟಿಗೆ ಕಾಗದ ಎಲ್ಲ ಸರಿ ಇತ್ತು, ಸೀಲೂ ಇತ್ತು. ಚೀಲದ ಬಾಯಿ ಹೊಲಿದ ದಾರದಲ್ಲಿ ಮಾತ್ರ ಒಂದು ಚೀಟಿ ಸಿಕ್ಕಿಕೊಂಡಿತ್ತು. ಅದರಲ್ಲಿದ್ದದ್ದು ವಿಯೆಟ್ನಾಂ ಬರಹ. 2020ರ ಸೆಪ್ಟೆಂಬರ್‌ನಿಂದ ಸರ್ಟಿಫಿಕೇಟ್ ಒಂದೇ ಸಾಲದು, ಬೆಳೆದ ಊರಿನ ಪುರಾವೆಯನ್ನೂ ಆಮದುದಾರ ಇಟ್ಟುಕೊಂಡಿರಬೇಕು ಅಂತ ನಿಯಮ ಬಂದಿದೆ.

ಸಕಲೇಶಪುರದ ತೋಟದವ:
ಸರಿ, ಎರಡು ಚೀಲ ಕೊಟ್ಟು ಎರಡು ಅಟ್ಟಕ್ಕೆ ಹಾಕ್ತೀನಿ. ಆ ಚೀಟಿ ಸಿಕ್ಕ ಮಾಲು ಕೊನೆಗೆ ಏನಾಯ್ತು ಸಾರ್?

ಹಳೇ ಬಂದರು:
ಪೂರ್ತಿ ಸುಂಕ ಕಟ್ಟಿ ಬಿಡಿಸಿಕೊಂಡರು. ಆಮೇಲೆ ನಿಮ್ಮಂಥವರ ಊರಿಗೇ ಬಂದಿರಬೇಕು.