ಹೋದೆ, ಹೋಗಿದ್ದೆ, ಹ್ಯಾಡ್ ಗಾನ್: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಇಂಗ್ಲಿಷಿನ ಭೂತಕಾಲದ ಬಗ್ಗೆ ಮಾತ್ರ ಕೇಳಿ. ಉತ್ತರ ಕೊಡೋ ಮೇಡಂ 22 ವರ್ಷದಿಂದ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡ್ತಿದ್ದಾರೆ. ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ.

ಹಾಸನದ ಹುಡುಗ: ನಮಸ್ತೆ ಮೇಡಂ. 'ಐ ಡಿಡ್ ನಾಟ್ ವೆಂಟ್' ತಪ್ಪಾ? ನಿನ್ನೆ ಮಾತು ಅಂದ್ಮೇಲೆ ವೆಂಟ್ ತಾನೇ ಬರಬೇಕು?

ಮೇಡಂ: ನಮಸ್ತೆ. ತಪ್ಪು. ನಿನ್ನೆಯ ಭಾರವನ್ನ 'ಡಿಡ್' ಆಗಲೇ ಹೊತ್ತಾಗಿದೆ. ಅದರ ಜೊತೆಗಿನ ಕ್ರಿಯಾಪದ ಮೂಲರೂಪದಲ್ಲೇ ಇರಬೇಕು: ಡಿಡ್ ನಾಟ್ ಗೋ. ಕನ್ನಡದಲ್ಲಿ 'ಹೋಗಲಿಲ್ಲ' ಅಂತೀರಿ, 'ಹೋದಲಿಲ್ಲ' ಅಂತೀರಾ? ಪ್ರಶ್ನೆಗೂ ಅದೇ: ಡಿಡ್ ಯು ಗೋ?

ಕರಾವಳಿ ಕಾಫಿ: ವಾಕ್‌ಗೆ ಇಡಿ ಸೇರಿಸಿದ್ರೆ 'ವಾಕೆಡ್' ಅನ್ನಬೇಕಾ ಮೇಡಂ? ಆಫೀಸಲ್ಲಿ ನಗ್ತಾರೆ.

ಮೇಡಂ: ವಾಕ್ಟ್. ಕ್ರಿಯಾಪದದ ಕೊನೆಗೆ ಟ ಅಥವಾ ಡ ಕೇಳಿದರೆ ಮಾತ್ರ ಇಡ್: ವಾಂಟಿಡ್, ನೀಡಿಡ್. ಕ್, ಪ್, ಫ್, ಸ್, ಶ್, ಚ್ ಇದ್ದರೆ ಬರೀ ಟ್: ಕುಕ್ಟ್, ವಾಷ್ಟ್. ಉಳಿದಿದ್ದಕ್ಕೆಲ್ಲ ಡ್: ಪ್ಲೇಡ್, ಕಾಲ್ಡ್.

ಪೇಢಾ ಪ್ರಿಯ: ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಇದನ್ನ ನೋಡ್ರಿ. ಫಾರ್ವರ್ಡ್ ಬಂದದ: "10 ನಿಮಿಷದಲ್ಲಿ ಇಂಗ್ಲಿಷ್! ಕನ್ನಡದಲ್ಲಿ 'ದೆ' ಬಂದರೆ ವಿ2 (ಕ್ರಿಯಾಪದದ ಎರಡನೇ ರೂಪ, ಗೋಗೆ ವೆಂಟ್). 'ಇದ್ದೇನೆ' ಬಂದರೆ ಹ್ಯಾವ್. 'ಇದ್ದೆ' ಬಂದರೆ ಹ್ಯಾಡ್. ಹತ್ತು ಜನರಿಗೆ ಕಳಿಸಿ."

ಮೇಡಂ: ಒಬ್ಬರಿಗೂ ಕಳಿಸಬೇಡಿ, ದಯವಿಟ್ಟು.

ಬಿಕಾಂ ಫೈನಲ್: ಹ್ಯಾಂಗ್ಡ್, ಹಂಗ್, ಎರಡರಲ್ಲಿ ಯಾವುದು ಸರಿ?

ನೈಟ್ ಡ್ಯೂಟಿ: ಮೇಡಂ, ನಾನು ಸ್ಟಾಫ್ ನರ್ಸ್. ರಾತ್ರಿ ಒಬ್ಬ ಪೇಷಂಟ್ ಮಂಚದಿಂದ ಬಿದ್ದರು. ರಿಪೋರ್ಟಲ್ಲಿ ಹೀಗೆ ಬರೆದೆ: 'ಪೇಷಂಟ್ ಹ್ಯಾಡ್ ಫಾಲನ್ ಫ್ರಮ್ ಬೆಡ್. ಐ ಹ್ಯಾಡ್ ಗಿವನ್ ಇಂಜೆಕ್ಷನ್. ಡಾಕ್ಟರ್ ಹ್ಯಾಡ್ ಕಮ್.' ಇಂಜೆಕ್ಷನ್ ಕೊಟ್ಟಿದ್ದು ಬಿದ್ದ ಮೇಲೆ, ನೋವಿಗೆ, ಡಾಕ್ಟರ್ ಹೇಳಿದ ಮೇಲೆ. ಇನ್‌ಚಾರ್ಜ್ ಸಿಸ್ಟರ್ ಬೆಳಿಗ್ಗೆ 'ಇಂಜೆಕ್ಷನ್ ಕೊಟ್ಟಿದ್ದಕ್ಕೇ ಮಂಪರು ಬಂದು ಬಿದ್ದರಾ?' ಅಂತ ಕೇಳಿದರು. ಈ ಪೇಢಾ ಸರ್ ಮೊದಲೂ ಇಲ್ಲಿ ಹಾಕಿದ್ದ ಇದೇ ಚಾರ್ಟನ್ನ ನೋಡಿ ನಾನು ಬರೆದಿದ್ದು.

ಮೇಡಂ: ಉಳಿದವರು ಸ್ವಲ್ಪ ತಾಳಿ, ಮೊದಲು ಇದಕ್ಕೆ ಉತ್ತರ ಕೊಡ್ತೀನಿ.

ಅಮ್ಮಾ, ತಪ್ಪಿನ ಬೇರು ಕನ್ನಡದಲ್ಲಿದೆ. ಸೋಮವಾರ ಯಾರಾದ್ರೂ 'ನಿನ್ನೆ ಕಾಣಲೇ ಇಲ್ಲ' ಅಂದ್ರೆ 'ಮೈಸೂರಿಗೆ ಹೋಗಿದ್ದೆ' ಅಂತೀವಿ. ಹೋಗಿ ಬಂದಾಯ್ತು ಅಂತ ಅರ್ಥ, ಮಾತು ಅಲ್ಲಿಗೆ ಮುಗೀತು. ಬರೀ 'ಮೈಸೂರಿಗೆ ಹೋದೆ' ಅಂದು ನಿಲ್ಲಿಸಿ ನೋಡಿ, ಎದುರಿನವರು 'ಆಮೇಲೆ?' ಅಂತ ಕಾಯ್ತಾರೆ. ಇಂಗ್ಲಿಷಲ್ಲಿ ಇದು ತಿರುಗಾಮುರುಗಾ. 'ಐ ವೆಂಟ್ ಟು ಮೈಸೂರು' ಅಂದ್ರೆ ಮಾತು ಪೂರ್ತಿ ಆಯ್ತು. 'ಐ ಹ್ಯಾಡ್ ಗಾನ್' ಅಂದ್ರೆ, ಯಾವುದಕ್ಕಿಂತ ಮೊದಲು ಅಂತ ಕೇಳುವವರು ಕಾಯ್ತಾರೆ. ಹ್ಯಾಡ್‌ಗೆ ಒಂಟಿಯಾಗಿ ನಿಲ್ಲೋಕೆ ಬರಲ್ಲ, ಒರಗಿಕೊಳ್ಳೋಕೆ ಇನ್ನೊಂದು ಘಟನೆ ಬೇಕು: 'ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್.' ನಾನು ಮುಟ್ಟೋ ಮೊದಲೇ ಬಸ್ ಹೊರಟಿತ್ತು.

ನಿಮ್ಮ ರಿಪೋರ್ಟಲ್ಲಿ ಮೂರಕ್ಕೂ ಹ್ಯಾಡ್ ಇದೆ, ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅಂತಲೇ ತಿಳಿಯಲ್ಲ. ಸಿಸ್ಟರ್ ಕೇಳಿದ್ದರಲ್ಲಿ ತಪ್ಪಿಲ್ಲ. 'ಪೇಷಂಟ್ ಫೆಲ್, ಐ ಹ್ಯಾಡ್ ಗಿವನ್ ಇಂಜೆಕ್ಷನ್' ಅಂತ ಬರೆದಿದ್ದರಂತೂ ಇಂಜೆಕ್ಷನ್ನೇ ಮೊದಲು ಅಂತ ಖಂಡಿತ ಆಗ್ತಿತ್ತು. ಹೀಗೆ ಬರೀಬೇಕು: 'ದ ಪೇಷಂಟ್ ಫೆಲ್. ಐ ಇನ್‌ಫಾರ್ಮ್ಡ್ ದ ಡಾಕ್ಟರ್. ಹಿ ಕೇಮ್. ಐ ಗೇವ್ ದ ಇಂಜೆಕ್ಷನ್.' ಒಂದೊಂದರ ಪಕ್ಕ ಗಡಿಯಾರದ ಸಮಯ. ಹಳೇ ಸಾಲನ್ನ ಅಳಿಸಬೇಡಿ, ವೈಟ್ನರ್ ಮುಟ್ಟಲೇಬೇಡಿ. ಇನ್‌ಚಾರ್ಜ್ ಹತ್ರ ಹೇಳಿ, ಇವತ್ತಿನ ತಾರೀಖು, ಸಮಯ, ಸಹಿ ಹಾಕಿ ಹೊಸ ಎಂಟ್ರಿ ಬರೀರಿ.

ಪೇಢಾ ಪ್ರಿಯ ಅವರೇ, ನಿಮ್ಮ ಹತ್ತು ನಿಮಿಷದ ಇಂಗ್ಲಿಷ್ ಏನು ಮಾಡಿದೆ ನೋಡಿದ್ರಾ?

ಪೇಢಾ ಪ್ರಿಯ: ನಾ ಏನ್ ಬರದೇನ್ರೀ? ಬಂದದ್ದು ಕಳಿಸೀನಿ ಅಷ್ಟ.

ಮೇಡಂ: ಅದೇ ರೋಗ.

ತುಮಕೂರು ತೆಂಗು: ಡಿಡ್ ಯು ಸಾ, ಡಿಡ್ ಯು ಸೀ, ಯಾವುದು ಮೇಡಂ?

ಮೇಡಂ: ಸೀ. ಮೊದಲನೇ ಉತ್ತರ ಓದಿ.

ಕನ್ನಡಾಭಿಮಾನಿ: ಗೋ ಹೋಗಿ ವೆಂಟ್ ಆಗುತ್ತಂತೆ! ತಲೆಬುಡ ಇಲ್ಲದ ಭಾಷೆ. ನಮ್ಮ ಕನ್ನಡದಲ್ಲಿ ಎಲ್ಲ ನೇರ.

ಕರಾವಳಿ ಕಾಫಿ: ನೇರವಾ ಮಾರಾಯ್ರೆ? ಕೊಲ್ಲು ಕೊಂದ, ಕೊಳ್ಳು ಕೊಂಡ, ಕೀಳು ಕಿತ್ತ, ಅಳು ಅತ್ತ. ನನ್ನ ಹೆಂಡತಿ ಗುಜರಾತಿನವಳು. ಹತ್ತು ವರ್ಷ ಆಯ್ತು, ಇನ್ನೂ 'ಬಸ್ಸಲ್ಲಿ ನಿಲ್ಲಿದೆ' ಅಂತಾಳೆ.

ಕನ್ನಡಾಭಿಮಾನಿ: ಅವರಿಗೆ ಸರಿಯಾಗಿ ಕಲಿಸದವರು ನೀವು.

ಕರಾವಳಿ ಕಾಫಿ: ಮನೆಯವರ ಸುದ್ದಿಗೆ ಬರಬೇಡಿ.

ಮೇಡಂ: ವೆಂಟ್ ಗೋದು ಅಲ್ಲ. 'ವೆಂಡ್' ಅಂತ ಬೇರೆಯೇ ಕ್ರಿಯಾಪದ ಇತ್ತು, ಅದರದ್ದು. ಸೆಂಡ್ ಸೆಂಟ್, ಬೆಂಡ್ ಬೆಂಟ್ ಇದ್ದ ಹಾಗೆ. ಗೋ ತನ್ನ ಹಳೇ ಭೂತರೂಪ ಬಿಟ್ಟು ಇದನ್ನ ಎರವಲು ತಗೊಳ್ತು. ಸಾಕು, ಮುಂದಕ್ಕೆ ಹೋಗಿ.

ಕಾನ್ವೆಂಟ್ ಕೂಸು: ಕನ್ನಡ ಮೀಡಿಯಂನಲ್ಲಿ ಓದಿದ್ರೆ ಹೀಗೇ ಆಗೋದು.

ಹಾಸನದ ಹುಡುಗ: ಹೌದಾ? ಹೋದ ವಾರ ಇದೇ ಗುಂಪಲ್ಲಿ 'ಐ ಹ್ಯಾವ್ ಸೀನ್ ದಟ್ ಮೂವಿ ಯೆಸ್ಟರ್‌ಡೇ' ಅಂತ ಬರೆದೋರು ಯಾರು?

ಕಾನ್ವೆಂಟ್ ಕೂಸು: ಅದರಲ್ಲಿ ತಪ್ಪೇನಿದೆ?

ಮೇಡಂ: ತಪ್ಪೇ. ಯೆಸ್ಟರ್‌ಡೇ ಬಂತು ಅಂದ್ರೆ 'ಐ ಸಾ'. ಹ್ಯಾವ್ ಜೊತೆ ಮುಗಿದ ದಿನದ ಹೆಸರು ಬರಲ್ಲ.

ಕನ್ನಡಾಭಿಮಾನಿ: ನೋಡಿ, ಕಾನ್ವೆಂಟ್ ಫೀಸು ನೀರು ಪಾಲು.

ಅಡ್ಮಿನ್: ಇನ್ನೊಂದು ಸಲ ಹೀಗೆ ಬರೆದ್ರೆ ಇಬ್ಬರನ್ನೂ ತೆಗೀತೀನಿ.

ಬಿಕಾಂ ಫೈನಲ್: ಹ್ಯಾಂಗ್ಡ್ ಹಂಗ್ ಮೇಡಂ??

ಗದಗ ಗಾಳಿ: ಮೇಡಂ, 'ಡಿಡ್ ನಾಟ್ ಕೇಮ್' ಅಂದ್ರ ನಡೀತದೇನ್ರಿ?

ಮೇಡಂ: ಬಂದಲಿಲ್ಲ.

ಗದಗ ಗಾಳಿ: ಅಂದ್ರ?

ನೈಟ್ ಡ್ಯೂಟಿ: ಹೊಸ ಎಂಟ್ರಿ ಬರೆದೆ ಮೇಡಂ. ಇನ್‌ಚಾರ್ಜ್ ಸಿಸ್ಟರ್ ಓದಿ ಸಹಿ ಹಾಕಿದ್ರು. 'ಈಗ ಗೊತ್ತಾಯ್ತು' ಅಂದ್ರು.

ಮೇಡಂ: 'ಸಹಿ ಹಾಕಿದ್ರು' ಇಂಗ್ಲಿಷಲ್ಲಿ ಹೇಳಿ.

ನೈಟ್ ಡ್ಯೂಟಿ: ಶಿ ಸೈನ್ಡ್.

ಮೇಡಂ: ಸರಿ. ಹೋಗಿ ಮಲಗಿ.

ತುಮಕೂರು ತೆಂಗು: ಹಾಗಾದ್ರೆ ಪ್ರಶ್ನೆ ಕೇಳುವಾಗ 'ಡಿಡ್ ಶಿ ಸೈನ್ಡ್' ಅಲ್ವಾ ಮೇಡಂ? ... ಮೇಡಂ?