ಎರಡು ಸೀಟಿನ ಕಾರು, ಅವ್ವನ ಹತ್ತು ಗಂಟು: ಡಿಕ್ಕಿಯಲ್ಲಿ ಹಿಡಿಸೋದು ಹೇಗೆ?

ಧಾರವಾಡಿ_ಕೊಥ್ರೂಡ್ (ಪುಣೆ)

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ ಝಡ್4 ತೆಗೆದುಕೊಂಡೆ. ಇ89 ಮಾಡೆಲ್. ಗಟ್ಟಿ ಛಾವಣಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಕೂರುತ್ತಲ್ಲ, ಅದು. ಹಿಂಜವಡಿ ಆಫೀಸಿಗೆ ಹಳೇ ಸ್ವಿಫ್ಟ್ ಇದೆ, ಇದು ಬರೀ ಖುಷಿಗೆ. ಭಾನುವಾರ ಬೆಳಿಗ್ಗೆ ಸಿಂಹಗಡದ ಕಡೆ ಒಂದು ಸುತ್ತು ಹೋಗಿಬಂದರೆ ಏನೂ ತೊಂದರೆ ಇಲ್ಲ. ತೊಂದರೆ ಇರೋದು ಊರಿಗೆ ಹೊರಟಾಗ.

ಪುಣೆಯಿಂದ ಧಾರವಾಡ ಸುಮಾರು 420 ಕಿ.ಮೀ. ಹೋಗುವಾಗ ನಮ್ಮಿಬ್ಬರ ಬಟ್ಟೆ ಅಷ್ಟೇ, ಹೇಗೋ ತುರುಕಿದೆ. ಬರುವಾಗ ಅವ್ವ ಬಾಗಿಲ ಹತ್ತಿರ ಸಾಲಾಗಿ ಇಟ್ಟಿದ್ದನ್ನು ನೋಡಿ ಎದೆ ಧಸಕ್ ಅಂತು. ಜೋಳದ ಹಿಟ್ಟು, ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಕೆಂಪು ಖಾರ, ಮಾವಿನಕಾಯಿ ಉಪ್ಪಿನಕಾಯಿಯ ಭರಣಿ, ನಾಲ್ಕು ಡಬ್ಬಿ ಪೇಡೆ, ಮೇಲೊಂದು ಕೌದಿ. "ಇಷ್ಟು ದುಡ್ಡು ಕೊಟ್ಟೀ, ಒಂದು ಗಂಟು ಹಿಡ್ಸೂದಿಲ್ಲೇನ್ ಇದರಾಗ?" ಅಂತ ಅವ್ವ ಕೇಳಿದಳು. ಏನು ಹೇಳಲಿ?

ಛಾವಣಿ ಮುಚ್ಚಿದ್ದರೆ ಡಿಕ್ಕಿ 310 ಲೀಟರ್, ತೆರೆದರೆ 180. ಒಳಗೆ ಒಂದು ಅಡ್ಡ ಪರದೆ ಇದೆ, ಅದನ್ನು ಕೆಳಗೆ ಎಳೆದು ಸಿಕ್ಕಿಸಿದರೆ ಮಾತ್ರ ಛಾವಣಿ ಮಡಚುತ್ತದೆ. ನಾನು ಪರದೆ ಎತ್ತಿ ಪೂರ್ತಿ ತುಂಬಿಬಿಟ್ಟಿದ್ದೆ. ಕೊಲ್ಹಾಪುರ ದಾಟಿದ ಮೇಲೆ ಬಿಸಿಲು ಇಳಿದು ಗಾಳಿ ತಂಪಾಯಿತು, ಮನೆಯವಳು "ಈಗಾದರೂ ತೆರೆಯಿರಿ" ಅಂದಳು. ಬಟನ್ ಒತ್ತಿದರೆ ಬರೀ ಎಚ್ಚರಿಕೆ ಸಂದೇಶ. ಹೈವೇ ಪಕ್ಕದ ಹೋಟೆಲಿನ ಅಂಗಳದಲ್ಲಿ ನಿಲ್ಲಿಸಿ ಎಲ್ಲಾ ಹೊರಗೆ ತೆಗೆದೆ, ಸಂತೆಯಲ್ಲಿ ಅಂಗಡಿ ಹಚ್ಚಿದಂಗೆ ಕಾಣುತ್ತಿತ್ತು. ಪರದೆ ಸಿಕ್ಕಿಸಿದ ಮೇಲೆ ಅರ್ಧ ಸಾಮಾನೂ ಒಳಗೆ ಹೋಗಲಿಲ್ಲ, ಮತ್ತೆ ಪರದೆ ಎತ್ತಿ ಎಲ್ಲಾ ತುಂಬಿ ಛಾವಣಿ ಮುಚ್ಚಿಕೊಂಡೇ ಪುಣೆಗೆ ಬಂದೆವು. 20 ಸೆಕೆಂಡಿನಲ್ಲಿ ತೆರೆಯುವ ಛಾವಣಿಗೆ ಮುಕ್ಕಾಲು ಗಂಟೆ ಹೋಯಿತು.

ನನ್ನ ಪ್ರಶ್ನೆ ಇಷ್ಟೇ. ಛಾವಣಿ ತೆರೆದುಕೊಂಡೇ ಇಬ್ಬರ ನಾಲ್ಕು ದಿನದ ಸಾಮಾನು ಹಿಡಿಯಬೇಕು ಅಂದ್ರೆ ಎಂಥ ಬ್ಯಾಗ್ ತೆಗೆದುಕೊಳ್ಳಲಿ? ವಿದೇಶದಲ್ಲಿ ಈ ಕಾರಿನ ಅಳತೆಗೇ ಹೊಲಿದ ಸೆಟ್ ಸಿಗುತ್ತವೆ, ಬೆಲೆ ನೋಡಿ ಕೈ ಹಿಂದೆ ತೆಗೆದೆ. ಡಿಕ್ಕಿ ಮುಚ್ಚಳದ ಮೇಲೆ ಕಟ್ಟುವ ಕ್ಯಾರಿಯರ್ ಹಾಕಿಸಬಹುದಾ?

ರಸ್ತೆಬದಿ_ಚಹಾ (ನಿಗಡಿ)

ಜೋಳದ ಹಿಟ್ಟು ಪುಣೆಯಲ್ಲೂ ಸಿಗುತ್ತದೆ ಸಾಹೇಬ್ರೇ. ಅದನ್ನು ಅವ್ವನಿಗೆ ಹೇಳುವ ಧೈರ್ಯ ಇದ್ದರೆ ಬ್ಯಾಗೇ ಬೇಡ.

ಮಾಟುಂಗಾ_ಕಾಕಾ (ಮುಂಬೈ)

ತಮ್ಮಾ, ಮೊದಲು ಈ ಲೀಟರ್ ಲೆಕ್ಕ ತಲೆಯಿಂದ ತೆಗೆದುಬಿಡು. ಕಂಪನಿಯವರು ಡಿಕ್ಕಿ ಅಳೆಯುವುದು ಹೇಗೆ ಗೊತ್ತಾ? ವಿಡಿಎ ಅಂತ ಜರ್ಮನ್ ಪದ್ಧತಿ. 200×100×50 ಮಿಲಿಮೀಟರಿನ ಸಣ್ಣ ಇಟ್ಟಿಗೆಗಳು, ಒಂದೊಂದೂ ಸರಿಯಾಗಿ ಒಂದು ಲೀಟರ್. ಅವನ್ನು ಮೂಲೆಮೂಲೆಗೂ ಜೋಡಿಸಿ ಎಷ್ಟು ಹಿಡಿದವು ಅಂತ ಎಣಿಸುತ್ತಾರೆ. ಅಂದರೆ ನಿನ್ನ 180 ಲೀಟರಿನಲ್ಲಿ ಚಕ್ರದ ಉಬ್ಬಿನ ಪಕ್ಕದ ಸಂದಿಯೂ ಸೇರಿದೆ, ಅಲ್ಲಿ ಸೂಟ್‌ಕೇಸ್ ಹೋಗುವುದಿಲ್ಲ. ವಿಮಾನದ ಕ್ಯಾಬಿನ್ ಬ್ಯಾಗ್ 55×35×25 ಸೆಂಟಿಮೀಟರ್, ಸುಮಾರು 48 ಲೀಟರ್. ಲೆಕ್ಕದ ಪ್ರಕಾರ 180ರಲ್ಲಿ ಮೂರು ಕೂತು ಇನ್ನೂ ಜಾಗ ಮಿಗಬೇಕು. ಕೂರಿಸಿ ತೋರಿಸು ನೋಡೋಣ!

ಹಾಗಾಗಿ ಕೆಲಸ ಇಷ್ಟೇ: ನೀನೂ ಇಟ್ಟಿಗೆ ಥರ ಯೋಚಿಸು. ಒಂದು ದೊಡ್ಡ ಬ್ಯಾಗ್ ಬೇಡ, ಐದಾರು ಸಣ್ಣವು, ಎಲ್ಲಾ ಮೆತ್ತನೆಯವು. ಟ್ರಾಲಿ ಬ್ಯಾಗಂತೂ ಮುಟ್ಟಲೇಬೇಡ. ಅದರ ಗಾಲಿ ಮತ್ತು ಎಳೆಯುವ ಹಿಡಿಕೆಯ ಸರಳುಗಳೇ ಎಷ್ಟೋ ಜಾಗ ತಿನ್ನುತ್ತವೆ, ಮೇಲೆ ಒತ್ತಿದರೂ ಬಗ್ಗುವುದಿಲ್ಲ.

ನನ್ನದು ಪೋರ್ಷೆ ಬಾಕ್ಸ್‌ಟರ್, 981 ಮಾಡೆಲ್. ಇಂಜಿನ್ ನಡುವೆ ಇರುವುದರಿಂದ ಡಿಕ್ಕಿ ಎರಡು, ಮುಂದೆ 150 ಲೀಟರ್, ಹಿಂದೆ 130. ಮುಂದಿನದು ಬಾವಿಯ ಹಾಗೆ ಆಳ, ಹಿಂದಿನದು ತಟ್ಟೆಯ ಹಾಗೆ. ಒಂದೇ ಕಾರಿನಲ್ಲಿ ಎರಡು ಥರದ ಬ್ಯಾಗ್ ಬೇಕು. ಹಿಂದಿನ ಡಿಕ್ಕಿ ಇಂಜಿನ್ನಿಗೆ ಅಂಟಿಕೊಂಡಿರುವುದರಿಂದ ಬಿಸಿಯಾಗುತ್ತದೆ. ಗೋಕಾಕದ ಕರದಂಟು ಒಮ್ಮೆ ಅಲ್ಲಿಟ್ಟು ಮುಂಬೈಗೆ ತಂದೆ, ಡಬ್ಬಿ ತೆರೆದರೆ ಎಲ್ಲಾ ಸೇರಿ ಒಂದೇ ಕರದಂಟು. ನಿನಗೆ ಆ ಚಿಂತೆ ಇಲ್ಲ, ಇಂಜಿನ್ ಮುಂದಿದೆ. ಪೇಡೆ ಬಚಾವ್.

ಹೊಲಿಸುವ ವಿಷಯ. ಧಾರಾವಿಯಲ್ಲಿ ಬ್ಯಾಗ್ ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ, ಅಳತೆ ಕೊಟ್ಟರೆ ಹೊಲಿದು ಕೊಡುತ್ತಾರೆ. ಆದರೆ ಟೇಪ್ ಹಿಡಿದು ಬರೆದ ಅಳತೆ ಕೊಡಬೇಡ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಪರದೆ ಕೆಳಗೆ ಸಿಕ್ಕಿಸಿಕೊಂಡೇ, ಡಿಕ್ಕಿಯೊಳಗೆ ಕೂರುವಂಥ ಪೆಟ್ಟಿಗೆ ಮಾಡು. ಬಾಯಿಯಿಂದ ಒಳಗೆ ಹೋಗುತ್ತಾ, ಹೊರಗೆ ಬರುತ್ತಾ ನೋಡು. ಒಳಗಿನ ಜಾಗಕ್ಕಿಂತ ಬಾಯಿ ಚಿಕ್ಕದು, ಎಲ್ಲರೂ ಎಡವುವುದು ಅಲ್ಲೇ. ಆ ರಟ್ಟನ್ನೇ ಹೊಲಿಯುವವನ ಮುಂದೆ ಇಡು.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ರಟ್ಟಿನ ಅಳತೆಗೆ ಸರಿಯಾಗಿ ಹೊಲಿಸಿದೆ. ಖಾಲಿ ಬ್ಯಾಗ್ ಚೆನ್ನಾಗಿ ಕೂತಿತು, ಬಟ್ಟೆ ತುಂಬಿದ ಮೇಲೆ ಉಬ್ಬಿಕೊಂಡು ದಿಂಬಾಯಿತು, ಡಿಕ್ಕಿ ಮುಚ್ಚಲಿಲ್ಲ. ಎಲ್ಲಾ ಕಡೆ ಎರಡೆರಡು ಇಂಚು ಕಡಿಮೆ ಹೇಳು. ತಳಕ್ಕೆ ಗಟ್ಟಿ ಬೋರ್ಡ್ ಬೇಡ, ಹಿಡಿಕೆ ಮೇಲೆ ಬೇಡ, ನಿನ್ನ ಕಡೆ ಬರುವ ತುದಿಯಲ್ಲಿ ಹಾಕಿಸು, ಎಳೆಯಲು ಬೇಕಾಗುತ್ತದೆ.

ಚಿಂಚವಾಡ_ವೈನಿ

ಕಾಕಾ ಬ್ಯಾಗ್ ಬಗ್ಗೆ ಹೇಳಿದರು, ನಾನು ಒಳಗೆ ತುಂಬುವುದರ ಬಗ್ಗೆ ಹೇಳುತ್ತೇನೆ. ನಮ್ಮನೆಯಲ್ಲೂ ಎರಡು ಸೀಟಿನದ್ದಿದೆ. ಅವರಿಗೆ ಓಡಿಸುವ ಖುಷಿ, ನನಗೆ ತುಂಬುವ ಕೆಲಸ.

ಟ್ರೆಕ್ಕಿಂಗಿನವರು ಇಟ್ಟುಕೊಳ್ಳುವ ಬಟ್ಟೆಯ ಚೀಲಗಳು ಇವೆಯಲ್ಲ, ಬಾಯಿಗೆ ದಾರ ಇರುವವು, ಅವೇ ಸಾಕು. ಹೊಸದಾಗಿ ಏನೂ ಹೊಲಿಸಬೇಡಿ. ಒಂದರಲ್ಲಿ ಅವರ ಬಟ್ಟೆ, ಒಂದರಲ್ಲಿ ನನ್ನದು, ಒಂದರಲ್ಲಿ ಒಳಉಡುಪು ಟವೆಲ್, ಚಪ್ಪಲಿ ಬೇರೆ. ಮೊದಲು ಸಣ್ಣವನ್ನು ಮೂಲೆಗೆ ತಳ್ಳಿ, ಆಮೇಲೆ ದೊಡ್ಡದು. ನಮ್ಮವರು ಉಲ್ಟಾ ಮಾಡುತ್ತಾರೆ, ದೊಡ್ಡದನ್ನು ನಡುವೆ ಇಟ್ಟು ಉಳಿದಿದ್ದನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಹೋಟೆಲಿಗೆ ಹೋದಾಗ ಆರು ಚೀಲ ಹೊತ್ತುಕೊಂಡು ಹೋಗುವುದು ಕಿರಿಕಿರಿ, ಅದಕ್ಕೆ ಒಂದು ದೊಡ್ಡ ತರಕಾರಿ ಚೀಲ ಮಡಚಿ ಇಟ್ಟಿದ್ದೇನೆ. ಚಂದ ಕಾಣಲ್ಲ, ಇರಲಿ ಬಿಡಿ.

ಭರಣಿ ತರಬೇಡಿ. ಉಪ್ಪಿನಕಾಯಿಯನ್ನು ಅಲ್ಲೇ ಎರಡು ಮೂರು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಕೊಟ್ಟು ಮುಚ್ಚಿ. ಎಣ್ಣೆ ಒಮ್ಮೆ ಡಿಕ್ಕಿಯ ಕಾರ್ಪೆಟ್ಟಿಗೆ ಇಳಿದರೆ ಆ ವಾಸನೆ ಕಾರಿನ ಜೊತೆಗೇ ಮಾರಾಟವಾಗುತ್ತದೆ. ರೊಟ್ಟಿ ಕಟ್ಟನ್ನು ಎಲ್ಲಕ್ಕಿಂತ ಮೇಲೆ, ಕೌದಿಯ ಮಡಿಕೆಯೊಳಗೆ ಇಡಿ, ಒಂದೂ ಮುರಿಯಲ್ಲ. ಹಾಂ, ಕೌದಿ ಗಂಟು ಅಂತ ಬೈಬೇಡಿ, ಅದು ನಿಮ್ಮ ಪ್ಯಾಕಿಂಗ್ ಸಾಮಾನು.

ಒಬ್ಬರೇ ಹೋಗುವಾಗ ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟರೆ ಅದಕ್ಕೂ ಬೆಲ್ಟ್ ಹಾಕಿ. ಟಿಂಗ್ ಟಿಂಗ್ ಸದ್ದು ನಿಲ್ಲಿಸಲಿಕ್ಕೆ ಮಾತ್ರ ಅಲ್ಲ, ಜೋರಾಗಿ ಬ್ರೇಕ್ ಒತ್ತಿದರೆ ಹಿಟ್ಟಿನ ಚೀಲ ಮೊದಲು ಗಾಜಿಗೆ ಹೋಗುತ್ತದೆ.

ಧಾರವಾಡಿ_ಕೊಥ್ರೂಡ್

ವೈನಿ, ಕೌದಿ ಐಡಿಯಾಕ್ಕೆ ಸಾಷ್ಟಾಂಗ. ಕಾಕಾ, ರಟ್ಟಿನ ಪೆಟ್ಟಿಗೆ ಈ ಶನಿವಾರ ಮಾಡುತ್ತೇನೆ. ಕ್ಯಾರಿಯರ್ ಬಗ್ಗೆ ಯಾರೂ ಹೇಳಲಿಲ್ಲ. ಮಜ್ದಾ ಎಂಎಕ್ಸ್-5 ಹಿಂದೆ ಹಾಕಿದ ಫೋಟೋ ನೋಡಿದ್ದೇನೆ, ಹಳೇ ಕಾಲದ ಚರ್ಮದ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದರು, ನೋಡಲು ಅದ್ಭುತ.

ಘಾಟಿ_ತಿರುವು (ಮಡಗಾಂವ)

ನೋಡಲು ಅದ್ಭುತ, ಒಪ್ಪಿದೆ. ಆದರೆ ಎಂಎಕ್ಸ್-5ರ ಬಟ್ಟೆಯ ಛಾವಣಿ ಸೀಟಿನ ಹಿಂದೆಯೇ ಮಡಚಿ ಕೂರುತ್ತದೆ, ಡಿಕ್ಕಿಯ ತಂಟೆಗೆ ಬರುವುದಿಲ್ಲ. ನಿಮ್ಮದರಲ್ಲಿ ಛಾವಣಿ ಹೋಗುವಾಗ ಡಿಕ್ಕಿಯ ಮುಚ್ಚಳವೇ ಹಿಂದಕ್ಕೆ ತೆರೆದುಕೊಳ್ಳುತ್ತದೆ. ಅದರ ಮೇಲೆ 15 ಕಿಲೋ ಪೆಟ್ಟಿಗೆ ಕಟ್ಟಿದರೆ ಆ ಭಾರವನ್ನೂ ಮೋಟರೇ ಎತ್ತಬೇಕು. ಎತ್ತಿಸಬೇಡಿ. ಛಾವಣಿ ತೆರೆಯಲಿಕ್ಕೆ ಅಂತ ಕ್ಯಾರಿಯರ್ ಹಾಕಿಸಿ, ಕ್ಯಾರಿಯರ್ ಇದೆ ಅಂತ ಛಾವಣಿ ತೆರೆಯದೆ ಓಡಾಡುವುದು ಯಾವ ನ್ಯಾಯ? ಎತ್ತರದಲ್ಲಿರುವ ಮೂರನೇ ಬ್ರೇಕ್ ಲೈಟೂ ಮುಚ್ಚಿಹೋಗಬಹುದು. ಮಳೆಗಾಲ ಬೇರೆ.

ನಾನು ಓಡಿಸುವುದು ಮಿನಿ ಕನ್ವರ್ಟಿಬಲ್. ಡಿಕ್ಕಿ ಛಾವಣಿ ಮುಚ್ಚಿದರೆ 215 ಲೀಟರ್, ತೆರೆದರೆ 160, ನಿಮಗಿಂತ ಕಡಿಮೆ. ಆದರೆ ಹಿಂದೆ ಹೆಸರಿಗೆ ಎರಡು ಸೀಟು ಇವೆ, ಅವೇ ನನ್ನ ಅಸಲಿ ಡಿಕ್ಕಿ. ಬೆಳಗಾವಿಗೆ ಚೋರ್ಲಾ ಘಾಟಿನ ಮೇಲೆ ಹೋಗುತ್ತಿರುತ್ತೇನೆ. ಆ ತಿರುವುಗಳಲ್ಲಿ ಕಟ್ಟದೆ ಇಟ್ಟ ಬ್ಯಾಗ್ ಎಡಕ್ಕೆ ಬಲಕ್ಕೆ ಓಡಾಡುತ್ತದೆ, ಹಿಂದೆ ಯಾರೋ ಎದ್ದು ಕೂತ ಹಾಗೆ ಸದ್ದು. ಬೈಕಿನವರು ಹೆಲ್ಮೆಟ್ ಕಟ್ಟುವ ಎಲಾಸ್ಟಿಕ್ ಬಲೆ ಇದೆಯಲ್ಲ, ಅದೇ ಹಾಕಿದ್ದೇನೆ. ನಿಮ್ಮ ಪುಣೆಯಲ್ಲಿ ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಹುಡುಕಿ, ಪಟ್ಟಿ, ಕೊಕ್ಕೆ, ಹಗ್ಗ ಎಲ್ಲಾ ಅಲ್ಲೇ ಸಿಗುತ್ತದೆ.

ಇನ್ನೊಂದು ಮಾತು. ನಿಮ್ಮ ಕಾರಿಗೆ ಸ್ಟೆಪ್ನಿ ಇಲ್ಲ, ರನ್-ಫ್ಲ್ಯಾಟ್ ಟಯರು. ಗಾಳಿ ಹೋದರೂ ಗಂಟೆಗೆ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ಹೋಗಬಹುದು ಅನ್ನುತ್ತಾರೆ, ಭಾರ ಜಾಸ್ತಿ ಇದ್ದರೆ ಅಷ್ಟು ದೂರ ಬರುವುದಿಲ್ಲ. ಹಾಗಾಗಿ ಗಾಳಿ ಹಾಕುವ ಸಣ್ಣ ಪಂಪ್ ಇಟ್ಟುಕೊಳ್ಳಿ, ಅದನ್ನು ಎಲ್ಲಕ್ಕಿಂತ ಕೆಳಗೆ ಹೂತು ಅದರ ಮೇಲೆ ಜೋಳದ ಹಿಟ್ಟು ಇಡಬೇಡಿ. ಹೊರಡುವ ಮುಂಚೆ ಹಿಂದಿನ ಟಯರಿನ ಗಾಳಿ ನೋಡಿ. ಡಿಕ್ಕಿ ತುಂಬಿದಾಗ ಹಿಂಭಾಗ ಕುಸಿಯುತ್ತದೆ, ನಮ್ಮ ಹಳ್ಳಿಗಳ ರೋಡ್ ಹಂಪ್‌ಗಳಿಗೆ ಹೊಟ್ಟೆ ಉಜ್ಜುವುದು ಆಗಲೇ.

ವಿಷಯ ಬಿಟ್ಟು ಒಂದು ಮಾತು: 90ರ ದಶಕದ ಕೊನೆಯಲ್ಲಿ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ ತೆರೆದ ಕಾರು ಬಂದಿತ್ತು, ನೆನಪಿದೆಯಾ? ಬೆಂಗಳೂರಿನ ಕಂಪನಿ, ತಯಾರಾಗುತ್ತಿದ್ದದ್ದು ನಮ್ಮ ಗೋವಾದಲ್ಲಿ. ಫೈಬರ್ ಮೈ, ರೆನೋದ 1149 ಸಿಸಿ ಇಂಜಿನ್. ಈಗಲೂ ಯಾರಾದರೂ ಇಟ್ಟುಕೊಂಡಿದ್ದರೆ ಅವರು ಸಾಮಾನು ಎಲ್ಲಿ ಇಡುತ್ತಾರೆ ಅಂತ ಕೇಳುವ ಆಸೆ ನನಗೆ.

ರಸ್ತೆಬದಿ_ಚಹಾ (ನಿಗಡಿ)

ಹಿಟ್ಟು, ಕೌದಿ ಎಲ್ಲಾ ಬಸ್ಸಿನ ಪಾರ್ಸೆಲ್ಲಿಗೆ ಹಾಕಿ ಮಾರಾಯ್ರೇ. ಧಾರವಾಡದಲ್ಲಿ ರಾತ್ರಿ ಕೊಟ್ಟರೆ ಬೆಳಿಗ್ಗೆ ಪುಣೆಯಲ್ಲಿ. ಕಾರಿನಲ್ಲಿ ನೀವಿಬ್ಬರು, ಪೇಡೆ, ಅಷ್ಟೇ. ಇಷ್ಟಕ್ಕೆ ದರ್ಜಿ, ರಟ್ಟು, ಬಲೆ ಯಾಕೆ?

ಮಾಟುಂಗಾ_ಕಾಕಾ (ಮುಂಬೈ)

ಪಾರ್ಸೆಲ್ಲಿನಲ್ಲಿ ರೊಟ್ಟಿ ಕಳಿಸಿದ್ದೀಯಾ ಯಾವತ್ತಾದರೂ? ಪುಡಿ ಬರುತ್ತದೆ. ಹಿಟ್ಟಿಗೆ ಸರಿ.

ಧಾರವಾಡಿ_ಕೊಥ್ರೂಡ್

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಹೋಗಿ ಬಂದೆವು.

ರಟ್ಟಿನ ಪೆಟ್ಟಿಗೆ ಮಾಡಿದೆ. ಸೊಸೈಟಿಯ ಪಾರ್ಕಿಂಗಿನಲ್ಲಿ ಕೂತು ಕತ್ತರಿಸುತ್ತಿದ್ದರೆ ವಾಚ್‌ಮನ್ ಬಂದು ಗಣಪತಿ ಮಂಟಪವಾ ಅಂತ ಕೇಳಿದ. ನಾಲ್ಕು ಸಲ ತಪ್ಪಿತು, ಐದನೆಯದು ಕೂತಿತು. ನೋಡಿದರೆ ಪರದೆಯ ಕೆಳಗಿನ ಜಾಗ ಅಗಲ ಚೆನ್ನಾಗಿದೆ, ಎತ್ತರ ಇಲ್ಲ. ಅಂದ್ರೆ ನಾನು ಇಷ್ಟು ದಿನ ಬ್ಯಾಗನ್ನು ನಿಲ್ಲಿಸುತ್ತಿದ್ದೆ, ಮಲಗಿಸಬೇಕಿತ್ತು. ಇಷ್ಟು ಗೊತ್ತಾದ ಮೇಲೆ ಮನೆಯಲ್ಲಿದ್ದ ಹಳೇ ಜಿಮ್ ಬ್ಯಾಗ್ ಒಂದು ಸರಿಯಾಗಿ ಹೋಯಿತು. ಅದರ ಜೊತೆಗೆ ಒಂದೇ ಒಂದು ಹೊಲಿಸಿದೆ, ದಪ್ಪ ಕ್ಯಾನ್ವಾಸು, ಎರಡಿಂಚು ಕಡಿಮೆ ಕೊಟ್ಟು, ಹಿಡಿಕೆ ತುದಿಯಲ್ಲಿ. ಉಳಿದದ್ದು ವೈನಿಯ ದಾರದ ಚೀಲಗಳು. ಕ್ಯಾರಿಯರ್ ಆಸೆ ಬಿಟ್ಟೆ. ಫೋಟೋ ಮಾತ್ರ ಇನ್ನೂ ಫೋನಿನಲ್ಲಿದೆ.

ಬರುವಾಗ ಅವ್ವನ ಎದುರಿಗೇ ತುಂಬಿದೆ. ಉಪ್ಪಿನಕಾಯಿ ಸ್ಟೀಲ್ ಡಬ್ಬಿಗೆ ಹೋಯಿತು, ಭರಣಿ ಅಲ್ಲೇ ಉಳಿಯಿತು. ಹಿಟ್ಟಿನ ದೊಡ್ಡ ಚೀಲ ಬಸ್ಸಿಗೆ. ರೊಟ್ಟಿ ಕೌದಿಯೊಳಗೆ, ಕೌದಿ ಸೀಟಿನ ಹಿಂದಿನ ಸಣ್ಣ ಜಾಗದಲ್ಲಿ. ಕೌದಿ ಒತ್ತಿದರೆ ಅಷ್ಟು ಸಣ್ಣದಾಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಪೇಡೆ ಮೂರು ಡಬ್ಬಿ ಡಿಕ್ಕಿಗೆ, ನಾಲ್ಕನೆಯದು ಮನೆಯವಳ ತೊಡೆಯ ಮೇಲೆ, ಅದು ನಿಪ್ಪಾಣಿ ಬರುವುದರೊಳಗೆ ಅರ್ಧ ಖಾಲಿ. ಕರಾಡ ದಾಟಿದ ಮೇಲೆ ಛಾವಣಿ ತೆರೆದೆವು. ಖಂಬಾಟಕಿ ಘಾಟಿನ ತನಕ ತೆರೆದೇ ಇತ್ತು, ಅಲ್ಲಿ ಲಾರಿಗಳ ಹೊಗೆಗೆ ಸಾಕಪ್ಪಾ ಅಂತ ಮುಚ್ಚಿದೆವು. ರೊಟ್ಟಿ ಎರಡು ಮುರಿದಿದ್ದವು.

ಈಗ ಹೊಸ ತಾಪತ್ರಯ. ಡಿಕ್ಕಿ ತುಂಬಿದ್ದನ್ನು ನೋಡಿ ಅವ್ವನಿಗೆ ಕಾರಿನ ಮೇಲೆ ನಂಬಿಕೆ ಬಂದುಬಿಟ್ಟಿದೆ. ದೀಪಾವಳಿ ಮುಗಿಸಿಕೊಂಡು ನಮ್ಮ ಜೊತೆಗೇ ಪುಣೆಗೆ ಬರುತ್ತಾಳಂತೆ, ಇದೇ ಕಾರಿನಲ್ಲಿ, ಮೇಲೆ ತೆರೆದುಕೊಂಡು. ಎರಡೇ ಸೀಟು. ಏನು ಮಾಡಲಿ?

ಚಿಂಚವಾಡ_ವೈನಿ

ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಬನ್ನಿ, ಕಿವಿಗೆ ಸ್ಕಾರ್ಫ್ ಕಟ್ಟಿ. ನಿಮ್ಮ ಮನೆಯವರಿಗೆ ಪುಣೆ ವಂದೇ ಭಾರತ್ ಟಿಕೆಟ್ ಈಗಲೇ ತೆಗೆಸಿಡಿ, ಧಾರವಾಡದಲ್ಲಿ ನಿಲ್ಲುತ್ತದೆ. ಕೌದಿ, ರೊಟ್ಟಿ ಎಲ್ಲಾ ಅವರ ಜೊತೆಗೆ ಕಳಿಸಬೇಡಿ ಮತ್ತೆ.