ಕೂತಲ್ಲೇ ಜಡ್ಜ್ ಆಗಿಬಿಡುತ್ತೇನೆ, ಏನು ಮಾಡಲಿ?

ಕೇಳಿದವರು, ಡೊಂಬಿವಲಿ:
ನಮ್ಮದು ಗದಗ ಕಡೆ. ಮದುವೆಯಾಗಿ ಮುಂಬೈಗೆ ಬಂದು 11 ವರ್ಷ. ಭಾನುವಾರ ಕನ್ನಡ ಆರಾಧನೆಗೆ ಹೋಗುತ್ತೇನೆ. ಬೆಂಚಿನ ಮೇಲೆ ಕೂತ ಕೂಡಲೇ ನನ್ನ ತಲೆಯಲ್ಲಿ ಬೇರೆಯದೇ ಆರಾಧನೆ ಶುರು. ಈಯಮ್ಮ ಇವತ್ತೂ ಮೂರನೇ ಹಾಡಿಗೆ ಬಂದಳು. ಆತ ವಾರವಿಡೀ ಕುಡಿದು ಇಲ್ಲಿ ಕಣ್ಣು ಮುಚ್ಚಿ ಕೈ ಎತ್ತುತ್ತಾನೆ. ಇವರ ಮಗಳ ಡ್ರೆಸ್ ನೋಡು. ಪ್ರಭು ಭೋಜನದ ಸಾಲಿನಲ್ಲಿ ನಿಂತರೂ ಇದು ನಿಲ್ಲುವುದಿಲ್ಲ. ಬಾಯಿಬಿಟ್ಟು ಯಾರಿಗೂ ಹೇಳಲ್ಲ, ಎಲ್ಲ ಒಳಗೇ. ‘ತೀರ್ಪು ಮಾಡಬೇಡಿ’ ಅಂತ ಯೇಸು ಹೇಳುವ ಬೈಬಲ್ಲಿನ ಮತ್ತಾಯ 7 ಬಾಯಿಪಾಠ ಬರುತ್ತದೆ. ಆದರೂ ಬಿಡೋಕೆ ಆಗುತ್ತಿಲ್ಲ. ನಿಮಗೂ ಹೀಗಾಗಿದೆಯಾ? ಏನು ಮಾಡಿದಿರಿ?

ಥಾಣೆಯಿಂದ:
ನಿನ್ನ ಕಣ್ಣಲ್ಲಿ ತೊಲೆ ಇಟ್ಟುಕೊಂಡು ಸಹೋದರನ ಕಣ್ಣಿನ ರವೆ, ಅಂದರೆ ಸಣ್ಣ ಕಸ, ಯಾಕೆ ನೋಡುತ್ತೀ ಅಂತ ಅದೇ ಅಧ್ಯಾಯದಲ್ಲಿದೆ. ಸಂಡೇ ಸ್ಕೂಲಿನಲ್ಲಿ ಅದು ಉಪ್ಪಿಟ್ಟಿನ ರವೆ ಅಂತಲೇ ತಿಳಿದಿದ್ದೆ. ತೊಲೆ ಮಾತ್ರ ಗೊತ್ತಿತ್ತು, ಹುಬ್ಬಳ್ಳಿಯ ನಮ್ಮ ಅಜ್ಜಿ ಮನೆಯಲ್ಲಿ ತಲೆ ಮೇಲೇ ಇತ್ತು. ಅಷ್ಟು ದೊಡ್ಡದು ಕಣ್ಣಲ್ಲಿ ಹೇಗೆ ಹಿಡಿಸುತ್ತೆ ಅಂತ ನಗುತ್ತಿದ್ದೆವು. ಯೇಸು ಬಡಗಿ ಅಲ್ವಾ? ಜನ ನಗಲಿ ಅಂತಲೇ ಹೇಳಿರಬೇಕು.

ನನ್ನ ತೊಲೆ ಸಿಕ್ಕಿದ್ದು ಬಾಂದ್ರಾದಲ್ಲಿ. ನಮ್ಮದು ಬಾಸೆಲ್ ಮಿಷನ್ ಮನೆತನ, ಪ್ರೊಟೆಸ್ಟಂಟರು. ಮೇಣದಬತ್ತಿ, ಪ್ರತಿಮೆ, ಹರಕೆ ಅಂದರೆ ಮೂಗು ಮುರಿಯುವುದು ರಕ್ತದಲ್ಲೇ ಬಂದಿದೆ. ಒಂದು ಸೆಪ್ಟೆಂಬರ್‌ನಲ್ಲಿ ಆಫೀಸಿನ ಗೆಳತಿ ಮೌಂಟ್ ಮೇರಿ ಚರ್ಚಿನ ಮಾತೆ ಮರಿಯಳ ಜಾತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಮೇಣದಲ್ಲಿ ಮಾಡಿದ ಕೈ, ಕಾಲು, ಮಗು, ಮನೆ ಎಲ್ಲ ಮಾರುತ್ತಾರೆ. ಕಾಲು ನೋವಿದ್ದವರು ಕಾಲು ಕೊಂಡು ಮಾತೆಗೆ ಒಪ್ಪಿಸುತ್ತಾರೆ. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಜಾತಿಯವರೂ ಬರುತ್ತಾರೆ. ನನ್ನ ತಲೆಯಲ್ಲಿ ಒಂದೇ ಮಾತು: ವಾಕ್ಯ ಗೊತ್ತಿಲ್ಲದ ಜನ, ದೇವರ ಹತ್ತಿರವೂ ವ್ಯಾಪಾರ. ಮುಂದೆ ನಿಂತಿದ್ದ ಹೆಂಗಸಿನ ಕೈಯಲ್ಲಿ ಮೇಣದ ಮನೆ ಇತ್ತು. ತಿರುಗಿ ಮರಾಠಿಯಲ್ಲಿ ಕೇಳಿದಳು, ನೀವೇನು ತಂದಿರಿ ಅಂತ. ನನ್ನ ಕೈ ಖಾಲಿ. ಆಗ ನೆನಪಾಯಿತು. ಹಿಂದಿನ ಭಾನುವಾರವಷ್ಟೇ ನಮ್ಮ ಚರ್ಚಿನಲ್ಲಿ ಕಾಣಿಕೆ ಲಕೋಟೆ ಹಾಕಿದ್ದೆ. ಮೇಲೆ ನನ್ನದೇ ಅಕ್ಷರದಲ್ಲಿ ಬರೆದಿದ್ದು: ‘ಸ್ವಂತ ಮನೆಗಾಗಿ’.

ಅವಳದು ಮೇಣ, ನನ್ನದು ಕಾಗದ. ಅಷ್ಟೇ.

ಮೇಣದ ಬಗ್ಗೆ ನನ್ನ ನಂಬಿಕೆ ಬದಲಾಗಿಲ್ಲ, ಇವತ್ತಿಗೂ ಕೊಳ್ಳುವುದಿಲ್ಲ. ಆದರೆ ಅವತ್ತಿನಿಂದ ಯಾರನ್ನಾದರೂ ತೂಗುವ ಯೋಚನೆ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದೇ ಕೆಲಸವನ್ನು ನಾನು ಬೇರೆ ಹೆಸರಿಟ್ಟು ಎಲ್ಲಿ ಮಾಡುತ್ತಿದ್ದೇನೆ? ಹತ್ತರಲ್ಲಿ ಎಂಟು ಸಲ ಉತ್ತರ ಸಿಗುತ್ತದೆ, ನಾಚಿಕೆಯೂ ಆಗುತ್ತದೆ.

ಮೀರಾ ರೋಡ್‌ನಿಂದ:
ನಾನು ಹಿಂದಿನ ಬೆಂಚು ಬಿಟ್ಟು ಎಲ್ಲಕ್ಕಿಂತ ಮುಂದೆ ಕೂರಲು ಶುರು ಮಾಡಿದೆ. ಈಗ ಪಾಸ್ಟರ್ ಒಬ್ಬರೇ ಕಾಣುತ್ತಾರೆ. ತೀರ್ಪೂ ಅವರೊಬ್ಬರ ಮೇಲೆಯೇ. ಕೆಲಸ ಎಷ್ಟೋ ಕಡಿಮೆಯಾಯಿತು.

ಪಿಂಪ್ರಿ, ಪುಣೆಯಿಂದ:
ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಕೆಲವು ವರ್ಷ ನಾನು ನಮ್ಮ ಚರ್ಚ್ ಸಭೆಯ ಕಮಿಟಿಯಲ್ಲಿದ್ದೆ. ಒಂದು ವರ್ಷ ಬೆಳೆ ಹಬ್ಬದ ಲಿಲಾವಿನ ಲೆಕ್ಕ ಕೂಡಲಿಲ್ಲ. ಕುಂಬಳಕಾಯಿ, ಕೋಳಿ, ಕೇಕ್ ಎಲ್ಲ ಕೂಗಿ ಬಂದ ದುಡ್ಡಿನಲ್ಲಿ ಸ್ವಲ್ಪ ಕಡಿಮೆ. ಲೆಕ್ಕ ಇಟ್ಟವರನ್ನು ಕೇಳಿದರೆ ‘ತೀರ್ಪು ಮಾಡಬೇಡಿ ಅಂತ ಯೇಸುವೇ ಹೇಳಿಲ್ವಾ ಬ್ರದರ್’ ಅಂದರು. ಅವತ್ತು ಸುಮ್ನಾದೆ. ಮನೆಗೆ ಬಂದು ಆ ಅಧ್ಯಾಯ ಪೂರ್ತಿ ಓದಿದೆ. 5ನೇ ವಚನದಲ್ಲಿ ಮೊದಲು ನಿನ್ನ ತೊಲೆ ತೆಗಿ, ಆಮೇಲೆ ರವೆ ತೆಗೆಯಲು ಚೆನ್ನಾಗಿ ಕಾಣುತ್ತದೆ ಅಂತಿದೆ. ರವೆಯನ್ನು ಹಾಗೇ ಬಿಡು ಅಂತಿಲ್ಲ. ಅದೇ ಅಧ್ಯಾಯದಲ್ಲಿ ಕುರಿವೇಷದ ತೋಳಗಳ ಎಚ್ಚರಿಕೆಯೂ ಇದೆ. ಕಣ್ಣು ಮುಚ್ಚಿಕೊಳ್ಳಿ ಅಂತ ಯೇಸು ಎಲ್ಲೂ ಹೇಳಿಲ್ಲ.

ನನ್ನ ತಪ್ಪು ಬೇರೆ ಕಡೆ ಇತ್ತು. ಮತ್ತಾಯ 18:15 ಪ್ರಕಾರ ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗಬೇಕು. ನಾನು ಅವರನ್ನು ಬಿಟ್ಟು ಮಿಕ್ಕ ಎಂಟು ಜನರ ಹತ್ತಿರ ಹೋದೆ. ‘ಪ್ರಾರ್ಥನೆ ಮಾಡಿ’ ಅಂತ ಬೇರೆ ಸೇರಿಸಿದೆ. ನಮ್ಮ ಕೂಟಗಳಲ್ಲಿ ಚಾಡಿಗೆ ಹಾಕುವ ಬಿಳಿ ಅಂಗಿ ಅದು. ಕೊನೆಗೆ ಲೆಕ್ಕ ಸಿಕ್ಕಿತು, ಟೆಂಟಿನವನಿಗೆ ಕೊಟ್ಟ ದುಡ್ಡು ಬರೆದೇ ಇರಲಿಲ್ಲ. ಆ ಎಂಟು ಜನರಿಗೆ ಇದನ್ನು ಹೇಳುವಷ್ಟರಲ್ಲಿ ಲೆಕ್ಕ ಇಟ್ಟವರು ಸಭೆ ಬದಲಾಯಿಸಿದ್ದರು. ತಂಗೀ, ನೀನು ಒಳಗೇ ಇಟ್ಟುಕೊಂಡಿದ್ದೀಯಲ್ಲ, ಅದನ್ನು ಸಣ್ಣದು ಅಂದುಕೊಳ್ಳಬೇಡ.

ವಾಸ್ಕೋ, ಗೋವಾದಿಂದ:
ನಮ್ಮಪ್ಪ ಹಾವೇರಿಯಿಂದ ಬಂದರಿನಲ್ಲಿ ಕೂಲಿ ಮಾಡಲು ಇಲ್ಲಿಗೆ ಬಂದವರು. ಇಲ್ಲಿ ನಮ್ಮನ್ನು ‘ಘಾಟಿ’ ಅನ್ನುತ್ತಾರೆ. ಘಟ್ಟದ ಮೇಲಿನವರು ಅಂತ ಅರ್ಥ, ಆದರೆ ಹೇಳುವ ರಾಗ ಬೇರೆ. ಚರ್ಚಿನ ಪೂಜೆಯಲ್ಲಿ ಪಕ್ಕದಲ್ಲೇ ಮೊಣಕಾಲೂರಿದವರ ಬಾಯಲ್ಲೂ ಕೇಳಿದ್ದೇನೆ. ಅಷ್ಟೆಲ್ಲ ನುಂಗಿದವಳು ನಾನೇ, ಈಗ ಹೊಸದಾಗಿ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗರು ಬಸ್ಸಿನಲ್ಲಿ ಹತ್ತಿರ ನಿಂತರೆ ಪರ್ಸ್ ಹಿಡಿದುಕೊಳ್ಳುತ್ತೇನೆ. ನೋವು ತಿಂದವರು ಮೆತ್ತಗಾಗುತ್ತಾರೆ ಅನ್ನುವುದು ಸುಳ್ಳು.

ಪಾಪ ನಿವೇದನೆಯಲ್ಲಿ ಇದನ್ನೇ ಹೇಳಿದೆ. ಗುರುಗಳು ಇಗ್ನೇಷಿಯಸ್ ಲೊಯೋಲಾರ ಒಂದು ಮಾತು ತಿಳಿಸಿದರು. ಹಳೇ ಗೋವಾದಲ್ಲಿ ದೇಹ ಇಟ್ಟಿರುವ ಝೇವಿಯರ್ ಸಂತರ ಗೆಳೆಯ ಅವರು. ಎದುರಿನವನ ಮಾತನ್ನು ಖಂಡಿಸುವುದಕ್ಕಿಂತ ಮೊದಲು ಅದಕ್ಕೆ ಒಳ್ಳೆಯ ಅರ್ಥ ಹುಡುಕಲು ತಯಾರಿರಬೇಕು. ಸಿಗದಿದ್ದರೆ ನೀನು ಹೇಳಿದ್ದರ ಅರ್ಥವೇನು ಅಂತ ಅವನನ್ನೇ ಕೇಳಬೇಕು. ನನಗೆ ಹಿಡಿಸಿದ್ದು ಎರಡನೆಯದು. ರಾತ್ರಿ ಮಲಗುವ ಮೊದಲು ಐದು ನಿಮಿಷ ಇಡೀ ದಿನವನ್ನು ತಿರುಗಿ ನೋಡುತ್ತೇನೆ. ಒಳ್ಳೆಯ ಅರ್ಥವನ್ನು ಯಾರಿಗೆ ಕೊಡಲಿಲ್ಲವೋ ಅವರ ಹೆಸರು ಹೇಳಿ ಒಂದು ‘ನಮೋ ಮರಿಯಾ’ ಪ್ರಾರ್ಥನೆ. ಹೆಸರು ಗೊತ್ತಿಲ್ಲದಿದ್ದರೆ ‘ಆ ನೀಲಿ ಶರ್ಟಿನವನು’.

ಮುಲುಂಡ್‌ನಿಂದ:
ತಡವಾಗಿ ಬರುವ ಅಮ್ಮನ ಬಗ್ಗೆ: ಭಾನುವಾರ ಮೆಗಾಬ್ಲಾಕ್ ಇರುತ್ತದೆ, ಹಳಿ ರಿಪೇರಿಗೆ ಲೋಕಲ್ ಟ್ರೇನ್ ನಿಲ್ಲಿಸುತ್ತಾರೆ. ಬದ್ಲಾಪುರದಿಂದ ಬರುವವರಾದರೆ ಪಾಪ, ಅವರ ತಪ್ಪೇನು?

ಕಲ್ಯಾಣ್‌ನಿಂದ:
ಮೆಗಾಬ್ಲಾಕ್ ಇಲ್ಲದಿದ್ದರೆ? ಇಂಥ ಮಾತಿಗೆಲ್ಲ ನಾವು ಕೊಡುವ ಉತ್ತರ ಒಂದೇ: ‘ಅವರ ಕಷ್ಟ ನಿಮಗೆ ಗೊತ್ತಿಲ್ಲ’. ನಿಜ, ಎಷ್ಟೋ ಸಲ ಗೊತ್ತಿರಲ್ಲ. ಆದರೆ ಎಲ್ಲರ ಹಿಂದೆಯೂ ಕಣ್ಣೀರಿನ ಕಥೆ ಇರಲೇಬೇಕು ಅಂತಿಲ್ಲ. ಕೆಲವರು ಸುಮ್ನೆ ಸೋಮಾರಿಗಳು. ಕಾರಣ ಸಿಕ್ಕರೆ ಮಾತ್ರ ಬಿಟ್ಟುಕೊಡುತ್ತೇನೆ ಅಂದರೆ ನಾವಿನ್ನೂ ಜಡ್ಜ್ ಕುರ್ಚಿಯಲ್ಲೇ ಕೂತಿದ್ದೇವೆ, ಆರೋಪಿಗೆ ಜಾಮೀನು ಕೊಟ್ಟಿದ್ದೇವೆ ಅಷ್ಟೇ.

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಮೋಶೆ ಎಂಬ ಸನ್ಯಾಸಿ ಇದ್ದರು. ಮೊದಲು ದರೋಡೆಕೋರ, ಆಮೇಲೆ ಸನ್ಯಾಸಿ. ತಪ್ಪು ಮಾಡಿದ ಒಬ್ಬ ಜೊತೆ ಸನ್ಯಾಸಿಯ ವಿಚಾರಣೆಗೆ ಹಿರಿಯರು ಅವರನ್ನೂ ಕರೆದರು. ಅವರು ತೂತು ಕೊಡದಲ್ಲಿ ನೀರು ತುಂಬಿ ಹೊತ್ತುಕೊಂಡು ಬಂದರು. ಏನಿದು ಅಂದರೆ, ನನ್ನ ಪಾಪಗಳು ನನ್ನ ಹಿಂದೆ ಸೋರುತ್ತಿವೆ, ನನಗೇ ಕಾಣಲ್ಲ, ಇನ್ನೊಬ್ಬನ ನ್ಯಾಯ ಹೇಳಲು ಬಂದಿದ್ದೇನೆ ಅಂದರಂತೆ. ಆ ಸನ್ಯಾಸಿ ತಪ್ಪು ಮಾಡಿಲ್ಲ ಅಂತ ಮೋಶೆ ಹೇಳಲಿಲ್ಲ, ಗಮನಿಸಿ.

ಇನ್ನೊಂದು. ‘ದೇವರೇ, ನಾನು ಬೇರೆಯವರ ಹಾಗಿಲ್ಲ’ ಅಂತ ಪ್ರಾರ್ಥಿಸಿದ ಲೂಕ 18ರ ಫರಿಸಾಯನನ್ನು ಓದಿ ‘ಸದ್ಯ, ನಾನು ಅವನ ಹಾಗಿಲ್ಲ’ ಅಂದುಕೊಂಡಿದ್ದು ನನಗೆ ಬಹಳ ಸಲ ಆಗಿದೆ. ಹಾಗೆ ಅಂದ ಕೂಡಲೇ ನಾವೇ ಅವನು. ಯೋಚನೆ ಬರುವುದನ್ನು ನಿಲ್ಲಿಸಲು ಹೊರಡಬೇಡಿ. ಸ್ಟೇಷನ್ನಿಗೆ ಲೋಕಲ್ ಬರುತ್ತಲೇ ಇರುತ್ತದೆ, ಎಲ್ಲವನ್ನೂ ಹತ್ತಬೇಕಾ?

ಡೊಂಬಿವಲಿ, ಮತ್ತೆ:
ಎಲ್ಲರಿಗೂ ವಂದನೆ. ಮೇಣದ ಮನೆ ತಲೆಯಿಂದ ಹೋಗುತ್ತಿಲ್ಲ. ಈ ಭಾನುವಾರ ಬೇಕಂತಲೇ ಆ ಅಮ್ಮನ ಜಾಗದ ಪಕ್ಕ ಕೂತೆ. ಎಂದಿನಂತೆ ಮೂರನೇ ಹಾಡಿಗೆ ಬಂದರು. ಆರಾಧನೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಕೇಳಿದೆ, ದೂರದಿಂದ ಬರ್ತೀರಾ, ಟ್ರೇನ್ ಲೇಟಾ ಅಂತ. ‘ಇಲ್ಲವ್ವಾ, ಇಲ್ಲೇ ಹಿಂದಿನ ಬಿಲ್ಡಿಂಗು. ಬೆಳಿಗ್ಗೆ ಎಚ್ಚರ ಆಗಂಗಿಲ್ಲ ನೋಡು’ ಅಂದರು. ನನಗೆ ನಗು ತಡೆಯಲಿಲ್ಲ. ಅವರೂ ನಕ್ಕರು. ಮುಂದಿನ ವಾರ ಬರುವಾಗ ಅವರ ಮನೆ ಬೆಲ್ ಒತ್ತಿ ಬರಬೇಕಂತೆ.